ಲಿವರ್ ಮೆತ್ತಗಾಯಿತೇ? ತೇವದ ಹವೆಯಲ್ಲಿ ಬೈಕಿನ ಬ್ರೇಕ್ ಆಯಿಲ್: ದೋಷ ಪತ್ತೆ ಮತ್ತು ಬದಲಾವಣೆ

"ಬ್ರೇಕ್ ಸರಿಯಾಗಿ ಹಿಡೀತಿಲ್ಲ" ಅನ್ನುವುದು ದೂರು ಅಷ್ಟೇ, ದೋಷ ಯಾವುದು ಅಂತ ಅದರಿಂದ ಗೊತ್ತಾಗುವುದಿಲ್ಲ. ಆಯಿಲ್‌ನಲ್ಲಿ ನೀರು, ಲೈನಿನಲ್ಲಿ ಗಾಳಿ, ಸವೆದ ಪ್ಯಾಡು, ಹಳತಾದ ಹೋಸು (ಆಯಿಲ್ ಹರಿಯುವ ಪೈಪ್), ಮಾಸ್ಟರ್ ಸಿಲಿಂಡರಿನ (ಲಿವರ್ ಒತ್ತಿದಾಗ ಆಯಿಲ್ಲನ್ನು ತಳ್ಳುವ ಭಾಗ) ಸೀಲು, ಕ್ಯಾಲಿಪರಿನಲ್ಲಿ (ಪ್ಯಾಡನ್ನು ಚಕ್ರದ ಡಿಸ್ಕಿಗೆ ಒತ್ತುವ ಭಾಗ) ಸಿಕ್ಕಿಕೊಂಡ ಪಿಸ್ಟನ್, ಇವುಗಳಲ್ಲಿ ಯಾವುದು ಬೇಕಾದರೂ ಆಗಿರಬಹುದು. ಮಳೆ ಜಾಸ್ತಿ ಇರುವ ಕಡೆ, ಸಮುದ್ರದ ಹತ್ತಿರ ಬೈಕ್ ಓಡಿಸುವವರು ಎಲ್ಲಕ್ಕೂ ಆಯಿಲ್ಲನ್ನೇ ಬೈಯುತ್ತಾರೆ, ಇಲ್ಲವೇ ಕ್ಯಾಲಿಪರ್ ಜಾಮ್ ಆಗುವವರೆಗೆ ಆಯಿಲ್ ಡಬ್ಬಿಯ ಮುಚ್ಚಳವನ್ನೇ ತೆಗೆಯುವುದಿಲ್ಲ.

ಅವಸರದವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ವರ್ಷದ ಬಹುಭಾಗ ಹವೆ ತೇವವಾಗಿರುವ ಕಡೆ ಬ್ರೇಕ್ ಆಯಿಲ್ ವರ್ಷಕ್ಕೊಮ್ಮೆ ಬದಲಿಸಿ. ಬೈಕಿನ ಜೊತೆ ಬರುವ ಪುಸ್ತಕದಲ್ಲಿ ಸಾಮಾನ್ಯವಾಗಿ ಎರಡು ವರ್ಷ ಎಂದಿರುತ್ತದೆ. ಅದು ಎಲ್ಲ ಹವೆಯನ್ನೂ ಲೆಕ್ಕಕ್ಕಿಟ್ಟು ಹೇಳಿದ ಗಡುವು. ತೇವದ ಊರಿನಲ್ಲಿ ಅಲ್ಲಿಯವರೆಗೆ ಕಾಯಬೇಕಾದ್ದಿಲ್ಲ. ಆದರೆ ಬದಲಿಸಿದ ಮೇಲೂ ಲಿವರ್ ಮೆತ್ತಗೇ ಇದ್ದರೆ? ಹೋದ ತಿಂಗಳಷ್ಟೇ ಹೊಸ ಆಯಿಲ್ ಹಾಕಿದ್ದರೂ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟರೆ? ಅದಕ್ಕೇ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ದೋಷ ಎಲ್ಲಿದೆ ಎಂದು ಗೊತ್ತುಮಾಡಿಕೊಳ್ಳಬೇಕು. ಅದರ ಸುಳಿವು ಹೆಚ್ಚುಕಡಿಮೆ ಪೂರ್ತಿ ಲಿವರಿನಲ್ಲೇ ಸಿಗುತ್ತದೆ. ಎಷ್ಟು ಮೆತ್ತಗಿದೆ ಎಂಬುದಕ್ಕಿಂತ, ಯಾವಾಗ ಮೆತ್ತಗಾಗುತ್ತದೆ ಎಂಬುದನ್ನು ಗಮನಿಸಿ.

ಯಾವಾಗ ಮೆತ್ತಗಾಗುತ್ತದೆ?

ಬೆಳಿಗ್ಗೆ ಗಾಡಿ ತೆಗೆಯುವಾಗಲೇ ಲಿವರ್ ಮೆತ್ತಗಿದ್ದರೆ ನೀರನ್ನು ಅನುಮಾನಿಸಬೇಡಿ. ಆಯಿಲ್‌ನಲ್ಲಿ ಬೆರೆತ ನೀರು ತಣ್ಣಗಿರುವಾಗ ದ್ರವವೇ, ದ್ರವ ಒತ್ತಿದರೆ ಕುಗ್ಗುವುದಿಲ್ಲ. ಮೂರು ವರ್ಷದ ಹಳೇ ಆಯಿಲ್ ತುಂಬಿದ ಬೈಕಿನ ಲಿವರ್ ಕೂಡ ಮನೆಯ ಮುಂದೆ ಒತ್ತಿ ನೋಡಿದಾಗ ಗಟ್ಟಿಯಾಗಿಯೇ ಇರುತ್ತದೆ. ಸರ್ವಿಸಿನಲ್ಲಿ ಲಿವರ್ ಎರಡು ಸಲ ಒತ್ತಿ "ಬ್ರೇಕ್ ಚೆನ್ನಾಗಿದೆ" ಎನ್ನುವ ಪರೀಕ್ಷೆ ಏನನ್ನೂ ಹೇಳದಿರುವುದು ಇದರಿಂದಲೇ. ತಣ್ಣಗಿರುವಾಗಲೂ ಮೆತ್ತಗಿದೆ ಅಂದರೆ ಹುಡುಕಬೇಕಾದ್ದು ಗಾಳಿ ಅಥವಾ ಹೋಸು.

ಹೊರಡುವಾಗ ಗಟ್ಟಿ ಇತ್ತು, ಉದ್ದದ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಹಿಡಿದ ಮೇಲೆ ಲಿವರ್ ಹ್ಯಾಂಡಲ್ ಕಡೆಗೆ ಹತ್ತಿರವಾಗುತ್ತ ಬಂತು, ಅರ್ಧ ಗಂಟೆ ಬೈಕ್ ನಿಲ್ಲಿಸಿ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಗಟ್ಟಿಯಾಯಿತು. ಹೀಗಾದರೆ ಆಯಿಲ್ ಕುದಿದಿದೆ. ಮೆಕ್ಯಾನಿಕ್ ಹತ್ತಿರ ಹೋಗುವಷ್ಟರಲ್ಲಿ ಲಕ್ಷಣವೇ ಮಾಯವಾಗಿರುವುದರಿಂದ "ಎಲ್ಲ ಸರಿ ಇದೆಯಲ್ಲ" ಎಂದು ಕಳುಹಿಸಿಬಿಡುತ್ತಾರೆ. ತಣ್ಣಗಾದಾಗ ಸರಿಹೋಗುವುದೇ ಈ ದೋಷದ ಗುರುತು ಎಂದು ಅವರಿಗೆ ನೀವೇ ಹೇಳಬೇಕಾಗುತ್ತದೆ.

ಲಿವರ್ ಕಲ್ಲಿನಷ್ಟು ಗಟ್ಟಿ, ಆದರೆ ಬೈಕ್ ನಿಲ್ಲುತ್ತಿಲ್ಲ. ಇಲ್ಲಿ ಆಯಿಲ್ ತನ್ನ ಕೆಲಸ ಮಾಡುತ್ತಿದೆ. ಪ್ಯಾಡ್ ಸುಟ್ಟು ಗಾಜಿನಂತೆ ನುಣುಪಾಗಿದೆ, ಅಥವಾ ಪ್ಯಾಡಿಗೋ ಡಿಸ್ಕಿಗೋ ಎಣ್ಣೆ, ಚೈನ್ ಸ್ಪ್ರೇ ತಾಗಿದೆ. ಆಯಿಲ್ ಬದಲಿಸಿ ಪ್ರಯೋಜನವಿಲ್ಲ.

ಮಳೆಯಲ್ಲಿ ಓಡಿಸುವಾಗ ಮೊದಲ ಸಲ ಬ್ರೇಕ್ ಹಿಡಿದಾಗ ಮಾತ್ರ ಒಂದು ಕ್ಷಣ ತಡವಾಗಿ ಹಿಡಿಯುವುದುಂಟು. ಅದು ಡಿಸ್ಕಿನ ಮೇಲಿನ ನೀರು, ಪ್ಯಾಡ್ ಉಜ್ಜಿ ಒರೆಸಿದ ಮೇಲೆ ಸರಿಯಾಗುತ್ತದೆ. ಲೈನಿನೊಳಗಿನ ತೇವಕ್ಕೂ ಇದಕ್ಕೂ ಸಂಬಂಧವಿಲ್ಲ.

ನಿಂತಲ್ಲೇ ಮಾಡುವ ಪರೀಕ್ಷೆ

ಬೈಕ್ ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಇಲ್ಲದಿದ್ದರೆ ಯಾರಾದರೂ ನೇರವಾಗಿ ಹಿಡಿದುಕೊಳ್ಳಲಿ. ಹ್ಯಾಂಡಲ್ ತಿರುಗಿಸಿ ಆಯಿಲ್ ಡಬ್ಬಿ ಮಟ್ಟಸವಾಗುವಂತೆ ಮಾಡಿ, ಗಾಜಿನ ಕಿಂಡಿಯಲ್ಲಿ ಮಟ್ಟ ನೋಡಿ. ಮಟ್ಟ ಕಡಿಮೆ ಇದೆ ಅಂದ ಕೂಡಲೇ ತುಂಬಿಸಲು ಹೋಗಬೇಡಿ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗ ತುಂಬಲು ಡಬ್ಬಿಯ ಆಯಿಲ್ ಕೆಳಗಿಳಿಯುತ್ತದೆ. ಅಂದರೆ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಮೊದಲು ಪ್ಯಾಡ್ ನೋಡಿ. ಪ್ಯಾಡಿನಲ್ಲಿ ಇನ್ನೂ ಬೇಕಾದಷ್ಟು ದಪ್ಪ ಇದ್ದು ಮಟ್ಟ ಮಾತ್ರ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಹೋಸಿನ ತುದಿಯ ಬ್ಯಾಂಜೋ ಬೋಲ್ಟ್, ಕ್ಯಾಲಿಪರ್ ಪಿಸ್ಟನ್ ಸುತ್ತ, ಲಿವರ್ ಮಾಸ್ಟರ್ ಸಿಲಿಂಡರನ್ನು ತಳ್ಳುವ ಜಾಗದ ರಬ್ಬರ್ ಬೂಟಿನ ಒಳಗೆ ಒಣ ಬಟ್ಟೆಯಲ್ಲಿ ಒರೆಸಿ ನೋಡಿ. ಬೂಟಿನ ಕೆಳಗೆ ತೇವ ಕಂಡರೆ, ಸುತ್ತಮುತ್ತಲಿನ ಬಣ್ಣ ಉಬ್ಬಿ ಎದ್ದಿದ್ದರೆ, ಮಾಸ್ಟರ್ ಸಿಲಿಂಡರ್ ಕಿಟ್ (ಹೊಸ ಪಿಸ್ಟನ್, ಸೀಲುಗಳ ಸೆಟ್) ಹಾಕಬೇಕು. ಇನ್ನೇನೂ ಪರೀಕ್ಷೆ ಬೇಕಿಲ್ಲ.

ಸೋರಿಕೆ ಇಲ್ಲವೆಂದಾದರೆ ಲಿವರನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿದುಕೊಳ್ಳಿ. ನಿಂತಲ್ಲೇ ನಿಂತರೆ ಒಳ್ಳೆಯದು. ನಿಧಾನವಾಗಿ ಹ್ಯಾಂಡಲ್ ಕಡೆಗೆ ಇಳಿಯುತ್ತ ಹೋದರೆ, ಹೊರಗೆ ಎಲ್ಲೂ ಸೋರದೆಯೂ ಒಳಗೇ ಸೀಲು ದಾಟಿ ಆಯಿಲ್ ಹಿಂದಕ್ಕೆ ಜಾರುತ್ತಿದೆ. ಮತ್ತದೇ ಕಿಟ್.

ಈಗ ಲಿವರ್ ಪೂರ್ತಿ ಬಿಟ್ಟು ಬಿಟ್ಟು ಬೇಗ ಬೇಗ ನಾಲ್ಕಾರು ಸಲ ಒತ್ತಿ. ಒತ್ತಿದಂತೆ ಗಟ್ಟಿಯಾಗುತ್ತ ಬಂದು, ಸ್ವಲ್ಪ ಹೊತ್ತು ಬಿಟ್ಟು ಒತ್ತಿದಾಗ ಮತ್ತೆ ಮೊದಲಿನಂತೆ ಮೆತ್ತಗಾದರೆ ಲೈನಿನಲ್ಲಿ ಗಾಳಿ ಇದೆ. ಡಿಸ್ಕ್ ಬಾಗಿದ್ದರೂ, ಚಕ್ರದ ಬೇರಿಂಗ್ ಸಡಿಲವಾಗಿದ್ದರೂ ಬೈಕ್ ಓಡಿಸಿದ ಮೇಲೆ ಹೀಗೇ ಆಗುತ್ತದೆ, ಯಾಕೆಂದರೆ ಡಿಸ್ಕ್ ಅಲುಗಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳಿಬಿಟ್ಟಿರುತ್ತದೆ. ವ್ಯತ್ಯಾಸ ತಿಳಿಯಲು ಚಕ್ರವನ್ನು ಕೈಯಲ್ಲಿ ತಿರುಗಿಸಿ ಡಿಸ್ಕ್ ಅತ್ತಿತ್ತ ಸರಿಯುತ್ತಿದೆಯೇ ನೋಡಿ, ಚಕ್ರವನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿ.

ಎಷ್ಟು ಸಲ ಒತ್ತಿದರೂ ಒಂದೇ ಸಮ ಮೆತ್ತಗೆ, ಗಟ್ಟಿಯಾಗುವುದೂ ಇಲ್ಲ, ಇಳಿಯುವುದೂ ಇಲ್ಲ ಅಂದರೆ ಹೋಸನ್ನು ನೋಡಿ. ಇನ್ನೊಬ್ಬರಿಗೆ ಲಿವರ್ ಗಟ್ಟಿಯಾಗಿ ಒತ್ತಲು ಹೇಳಿ, ನೀವು ಹೋಸಿನ ಮೇಲೆ ಬೆರಳಿಟ್ಟುಕೊಂಡಿರಿ. ಹಳೇ ರಬ್ಬರ್ ಹೋಸು ಒತ್ತಡಕ್ಕೆ ಊದುವುದು ಬೆರಳಿಗೆ ಗೊತ್ತಾಗುತ್ತದೆ. ಕೆಲವು ತಯಾರಕರು ನಾಲ್ಕು ವರ್ಷಕ್ಕೆ ಹೋಸು ಬದಲಿಸಲು ಹೇಳುತ್ತಾರೆ. ಪಾಲಿಸುವವರು ಕಡಿಮೆ.

ಬಿಸಿಯಾದಾಗ ಮಾತ್ರ ಮೆತ್ತಗಾಗುವುದು ಯಾಕೆ?

ಮೇಲಿನ ಪರೀಕ್ಷೆಗಳೆಲ್ಲ ಪಾಸಾಗಿಯೂ ಇಳಿಜಾರಿನಲ್ಲಿ ಬ್ರೇಕ್ ಕೈಕೊಡುತ್ತಿದ್ದರೆ ಉಳಿಯುವುದು ಆಯಿಲ್ ಒಂದೇ.

ಬೈಕುಗಳಲ್ಲಿ ಬಳಸುವ ಬ್ರೇಕ್ ಆಯಿಲ್ ದರ್ಜೆಗಳಾದ ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಆಧಾರಿತ ದ್ರವಗಳು. ಇವು ಗಾಳಿಯ ತೇವವನ್ನು ಹೀರಿ ಒಳಗೆ ಕರಗಿಸಿಕೊಳ್ಳುತ್ತವೆ. ಅಮೆರಿಕದ ಸುರಕ್ಷತಾ ನಿಯಮದ ಪ್ರಕಾರ ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230, ಡಾಟ್ 5.1 ಆದರೆ 260. ತೇವ ಹೀರಿದ ಸ್ಥಿತಿಯ ಕನಿಷ್ಠ ಮಿತಿಗಳು 140, 155 ಮತ್ತು 180 ಡಿಗ್ರಿ. ತೇವದ ಸ್ಥಿತಿ ಎಂದರೆ ಸುಮಾರು ಶೇಕಡಾ 3.7ರಷ್ಟು ನೀರು. ಅಷ್ಟಕ್ಕೇ ಡಾಟ್ 4ರ ಕುದಿಬಿಂದು 75 ಡಿಗ್ರಿ ಕೆಳಗಿಳಿಯಬಹುದು ಎಂಬುದನ್ನು ಗಮನಿಸಿ. ಆಯಿಲ್ ಬಾಟಲಿಯ ಮೇಲೆ ದೊಡ್ಡದಾಗಿ ಮುದ್ರಿಸಿರುವುದು ಒಣ ಅಂಕಿ, ಅಂದರೆ ಹೊಸ ಆಯಿಲ್‌ನ ಕುದಿಬಿಂದು. ತೇವದ ಊರಿನವರು ನೋಡಬೇಕಾದ್ದು ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಇನ್ನೊಂದು ಅಂಕಿಯನ್ನು.

ಡಾಟ್ 4ರಲ್ಲಿ ಬೋರೇಟ್ ಎಸ್ಟರ್ ಎಂಬ ಅಂಶ ಇರುತ್ತದೆ. ಒಳಗೆ ಬಂದ ನೀರಿನ ಜೊತೆ ಅದು ರಾಸಾಯನಿಕವಾಗಿ ಸೇರಿಕೊಂಡು, ಕುದಿಬಿಂದು ಬೇಗ ಇಳಿಯದಂತೆ ತಡೆಯುತ್ತದೆ. ಆದರೆ ಅದು ಖರ್ಚಾಗುವ ಸರಕು. ಮುಗಿದ ಮೇಲೆ ಬರುವ ನೀರಿಗೆ ತಡೆಯಿಲ್ಲ. ಹೋದ ವರ್ಷ ಇದೇ ಇಳಿಜಾರಿನಲ್ಲಿ ಏನೂ ಆಗಲಿಲ್ಲ ಎಂಬ ವಾದಕ್ಕೆ ಬೆಲೆ ಇಲ್ಲದಿರುವುದು ಇದಕ್ಕೇ.

ಇನ್ನು ಕುದಿಯುವ ಕ್ಷಣ. ಲಿವರ್ ಪೂರ್ತಿ ಒತ್ತಿದರೂ ಮಾಸ್ಟರ್ ಸಿಲಿಂಡರ್ ಕೆಳಗೆ ತಳ್ಳುವ ಆಯಿಲ್ ಒಂದೆರಡು ಮಿಲಿಲೀಟರ್ ಮಾತ್ರ. ನೀರು ಆವಿಯಾದರೆ ಸಾಮಾನ್ಯ ಒತ್ತಡದಲ್ಲಿ ಸಾವಿರದ ಆರುನೂರು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ. ಅಂದರೆ ಕ್ಯಾಲಿಪರಿನೊಳಗೆ ಒಂದು ಸಣ್ಣ ಹನಿಯ ಚೂರು ಆವಿಯಾದರೂ ಸಾಕು, ಲಿವರಿನ ಇಡೀ ಓಟ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ, ಪ್ಯಾಡಿಗೆ ಏನೂ ಉಳಿಯುವುದಿಲ್ಲ. ಲಿವರ್ ಒತ್ತಿ ಹಿಡಿದಿರುವಾಗ ಲೈನಿನಲ್ಲಿ ಒತ್ತಡ ಜಾಸ್ತಿ ಇರುವುದರಿಂದ ಕುದಿಬಿಂದುವೂ ಮೇಲಿರುತ್ತದೆ. ಲಿವರ್ ಬಿಟ್ಟಾಗ ಒತ್ತಡ ಇಳಿದು ಗುಳ್ಳೆ ಹುಟ್ಟುತ್ತದೆ. ಮುಂದಿನ ತಿರುವಿಗೆ ಬ್ರೇಕ್ ಹಿಡಿಯುವಾಗ ಕೈಗೆ ಸಿಗುವುದು ಖಾಲಿ ಲಿವರ್.

ಇದರಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಇಳಿಜಾರಿನ ಮಧ್ಯೆ ಫೋಟೋ ತೆಗೆಯಲೆಂದು ನಿಲ್ಲಿಸುತ್ತೀರಿ. ಓಡುವಾಗ ಗಾಳಿ ಬೀಸಿ ಡಿಸ್ಕ್, ಕ್ಯಾಲಿಪರ್ ತಣಿಯುತ್ತಿದ್ದವು, ನಿಂತ ಕೂಡಲೇ ಅದು ನಿಂತಿತು. ಕಾದ ಪ್ಯಾಡಿನ ಬಿಸಿ ಪಿಸ್ಟನ್ ಮೂಲಕ ಆಯಿಲ್‌ಗೆ ಇಳಿಯುತ್ತದೆ. ಐದು ನಿಮಿಷ ಬಿಟ್ಟು ಹೊರಟಾಗ ಮೊದಲ ಬ್ರೇಕಿಗೇ ಲಿವರ್ ಹ್ಯಾಂಡಲಿಗೆ ತಾಗಿದರೆ ಆಶ್ಚರ್ಯವಿಲ್ಲ. ನಿಂತರೆ ಪೂರ್ತಿ ತಣ್ಣಗಾಗುವಷ್ಟು ನಿಲ್ಲಿ, ಹೊರಡುವ ಮೊದಲು ಬೈಕ್ ಇನ್ನೂ ಸ್ಟ್ಯಾಂಡಿನಲ್ಲಿರುವಾಗಲೇ ಲಿವರ್, ಪೆಡಲ್ ಎರಡನ್ನೂ ಒತ್ತಿ ನೋಡಿ.

ಹಿಂದಿನ ಬ್ರೇಕಿಗೆ ಈ ಕಾಯಿಲೆ ಇನ್ನೂ ಬೇಗ ಬರುತ್ತದೆ. ಹಿಂದಿನ ಕ್ಯಾಲಿಪರ್ ಚಿಕ್ಕದು, ಕೆಲವು ಬೈಕುಗಳಲ್ಲಿ ಸೈಲೆನ್ಸರಿನ ಹತ್ತಿರವೇ ಇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಇಳಿಜಾರಿನಲ್ಲಿ ಪೆಡಲ್ ಮೇಲಿಂದ ಕಾಲೇ ತೆಗೆಯದವರು ಬಹಳ. ಅಂಥವರ ಬೈಕಿನಲ್ಲಿ ನಿನ್ನೆ ಹಾಕಿದ ಆಯಿಲ್ ಕೂಡ ಕುದಿಯಬಹುದು. ಗೇರ್ ಇಳಿಸಿ ಎಂಜಿನ್ನಿಂದ ವೇಗ ತಡೆಯಿರಿ, ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಿರಿ.

ಮುಚ್ಚಳ ಬಿಗಿಯಾಗಿದ್ದರೂ ನೀರು ಹೇಗೆ ಬರುತ್ತದೆ?

ಡಬ್ಬಿಯ ಮುಚ್ಚಳದ ಕೆಳಗೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಡಯಾಫ್ರಾಮ್ ಇರುತ್ತದೆ. ಆಯಿಲ್ ಮಟ್ಟ ಇಳಿದಂತೆ ಅದು ಕೆಳಗೆ ಹಿಗ್ಗಿ, ಹೊರಗಿನ ಗಾಳಿ ನೇರವಾಗಿ ಆಯಿಲ್‌ಗೆ ತಾಗದಂತೆ ನೋಡಿಕೊಳ್ಳುತ್ತದೆ. ಅದರ ಮೇಲ್ಭಾಗ ಉಸಿರಾಡಬೇಕಲ್ಲ, ಅದಕ್ಕೆ ಮುಚ್ಚಳದ ಅಂಚಿನಲ್ಲಿ ಸಣ್ಣ ಸೀಳು ಬಿಟ್ಟಿರುತ್ತಾರೆ. ಪ್ರೆಶರ್ ವಾಷರ್ ಪೈಪನ್ನು ಹ್ಯಾಂಡಲ್ ಕಡೆ ತಿರುಗಿಸಿ ತೊಳೆದರೆ ನೀರು ಆ ಸೀಳಿನಿಂದ ಒಳಗೆ ಹೋಗಿ ಡಯಾಫ್ರಾಮಿನ ಮಡಿಕೆಗಳಲ್ಲಿ ನಿಲ್ಲುತ್ತದೆ. ಮುಂದಿನ ಸಲ ಮುಚ್ಚಳ ತೆಗೆದಾಗ ಅದೇ ನೀರು ನೇರವಾಗಿ ಆಯಿಲ್‌ಗೆ ಬೀಳುತ್ತದೆ. ಮುಚ್ಚಳ ತೆಗೆಯುವ ಮೊದಲು ಸುತ್ತ ಒರೆಸಿ, ತೆಗೆದ ಕೂಡಲೇ ಡಯಾಫ್ರಾಮಿನ ಮೇಲ್ಭಾಗ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಆಮೇಲಷ್ಟೇ ಎತ್ತಿ.

ಇದು ಬಿಟ್ಟರೆ ಬಹುಪಾಲು ತೇವ ಬರುವುದು ರಬ್ಬರಿನ ಮೂಲಕವೇ. ಹೋಸಿನ ರಬ್ಬರು ಆಯಿಲ್ ಸೋರಲು ಬಿಡದಿದ್ದರೂ ನೀರಿನ ಆವಿಯನ್ನು ಅಷ್ಟಷ್ಟಾಗಿ ಒಳಗೆ ಬಿಡುತ್ತದೆ, ಸೀಲುಗಳದ್ದೂ ಅದೇ ಕಥೆ. ಇದಕ್ಕೆ ಬೈಕ್ ಓಡಬೇಕಾದ್ದೂ ಇಲ್ಲ. ಮಳೆಗಾಲ ಪೂರ್ತಿ ಮೂಲೆಯಲ್ಲಿ ನಿಂತ ಬೈಕಿನ ಆಯಿಲ್ ದಿನಾ ಓಡಿದ ಬೈಕಿನ ಆಯಿಲ್‌ನಂತೆಯೇ ಹಾಳಾಗುತ್ತದೆ. ಹಾಗಾಗಿ ಬ್ರೇಕ್ ಆಯಿಲ್‌ಗೆ ಕಿಲೋಮೀಟರ್ ಲೆಕ್ಕ ಹಿಡಿಯುವುದರಲ್ಲಿ ಅರ್ಥವಿಲ್ಲ, ಕ್ಯಾಲೆಂಡರ್ ನೋಡಿ. ಜೊತೆಗೆ ಕಾರಿಗೆ ಹೋಲಿಸಿದರೆ ಬೈಕಿನ ಒಂದು ಬ್ರೇಕಿನಲ್ಲಿ ಇರುವ ಆಯಿಲ್ ಬಹಳ ಕಡಿಮೆ. ಒಳಗೆ ಬಂದ ಅಷ್ಟೇ ನೀರು ಇಲ್ಲಿ ಹೆಚ್ಚು ಶೇಕಡಾ ಆಗುತ್ತದೆ.

ನೀರು ಭಾರ, ಹಾಗಾಗಿ ಕೆಳಗೆ ಕ್ಯಾಲಿಪರಿನಲ್ಲಿ ಶೇಖರವಾಗುತ್ತದೆ ಎಂದು ಕೆಲವರು ವಿವರಿಸುವುದನ್ನು ಕೇಳಿದ್ದೇನೆ. ಗ್ಲೈಕಾಲ್ ಆಯಿಲ್‌ನಲ್ಲಿ ಹಾಗಾಗುವುದಿಲ್ಲ, ನೀರು ಅದರಲ್ಲಿ ಕರಗಿಹೋಗುತ್ತದೆ. ಬೇರೆಯಾಗಿ ತಳಕ್ಕೆ ಇಳಿಯುವುದು ಡಾಟ್ 5 ಎಂಬ ಸಿಲಿಕೋನ್ ದ್ರವದಲ್ಲಿ. ಡಾಟ್ 5 ಬೇರೆ, ಡಾಟ್ 5.1 ಬೇರೆ. ಹೆಸರು ಹತ್ತಿರವಿದೆ ಎಂದು ಒಂದರ ಜಾಗಕ್ಕೆ ಇನ್ನೊಂದನ್ನು ಸುರಿಯಬೇಡಿ, ಎರಡೂ ಬೆರೆಯುವುದಿಲ್ಲ. ಮುಚ್ಚಳದ ಮೇಲೆ ಯಾವ ದರ್ಜೆ ಬರೆದಿದೆಯೋ ಅದೇ ನಿಮ್ಮ ದರ್ಜೆ.

ಆಯಿಲ್ ಹಾಳಾಗಿದೆ ಎಂದು ತಿಳಿಯುವುದು ಹೇಗೆ?

ಬಣ್ಣವನ್ನು ಪೂರ್ತಿ ನಂಬಬೇಡಿ. ಹೊಸ ಆಯಿಲ್ ಸಾಮಾನ್ಯವಾಗಿ ತಿಳಿ ಹಳದಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಪ್ಪಾಗುವುದಕ್ಕೆ ರಬ್ಬರಿನ ಕಣ, ಬಿಸಿ, ಕೊಳೆ ಕಾರಣ. ನೀರಿಗೆ ಬಣ್ಣವಿಲ್ಲ. ತಿಳಿಯಾಗಿ ಹೊಳೆಯುವ ಆಯಿಲ್‌ನಲ್ಲೂ ಬೇಕಾದಷ್ಟು ನೀರಿರಬಹುದು. ಕಂದು ಬಣ್ಣ "ಬದಲಿಸು" ಎನ್ನುತ್ತದೆ, ತಿಳಿ ಬಣ್ಣ "ಬೇಡ" ಎಂದೇನೂ ಹೇಳುವುದಿಲ್ಲ.

ಪೆನ್ನಿನಂಥ ಎಲೆಕ್ಟ್ರಾನಿಕ್ ಟೆಸ್ಟರುಗಳು ಸಿಗುತ್ತವೆ, ಹಸಿರು, ಹಳದಿ, ಕೆಂಪು ದೀಪ ತೋರಿಸುತ್ತವೆ. ಅವು ಅಳೆಯುವುದು ಆಯಿಲ್ ಎಷ್ಟು ವಿದ್ಯುತ್ ಹರಿಯಗೊಡುತ್ತದೆ ಎಂಬುದನ್ನು, ನೀರನ್ನಲ್ಲ. ಬ್ರ್ಯಾಂಡ್ ಬದಲಾದರೆ ಹೊಸ ಆಯಿಲ್‌ನಲ್ಲೇ ಅಂಕಿ ಬೇರೆ ಬರಬಹುದು. ಇನ್ನೊಂದು ತೊಂದರೆ ಎಂದರೆ ಪೆನ್ ಮುಳುಗಿಸುವುದು ಮೇಲಿನ ಡಬ್ಬಿಯಲ್ಲಿ. ಕುದಿಯುವುದು ಕೆಳಗೆ ಕ್ಯಾಲಿಪರಿನಲ್ಲಿ. ಡಬ್ಬಿಯ ಆಯಿಲ್ ಮಾತ್ರ ತೆಗೆದು ಹೊಸದು ತುಂಬಿಸುವ ಶೋಕಿ ಸರ್ವಿಸ್ ಆಗಿದ್ದರೆ ಮೇಲೆ ಹಸಿರು ದೀಪ, ಕೆಳಗೆ ಮೂರು ವರ್ಷದ ಕಷಾಯ. ಪೆನ್ ಬಳಸುವುದಾದರೆ ಕ್ಯಾಲಿಪರ್ ನಿಪ್ಪಲಿನಿಂದ (ಆಯಿಲ್ ಹೊರಬಿಡಲು ಸಡಿಲಿಸುವ ಸಣ್ಣ ಟೊಳ್ಳು ಸ್ಕ್ರೂ) ತೆಗೆದ ಮೊದಲ ಕೆಲವು ಹನಿಗಳನ್ನು ಸಣ್ಣ ಲೋಟದಲ್ಲಿ ಹಿಡಿದು ಅದರಲ್ಲಿ ಅದ್ದಿ. ಆಯಿಲ್ಲನ್ನು ನಿಜವಾಗಿಯೇ ಬಿಸಿಮಾಡಿ ಕುದಿಬಿಂದು ತೋರಿಸುವ ಯಂತ್ರ ಇದ್ದರೆ ಅದರ ಮಾತು ನಂಬಬಹುದು.

ನನ್ನ ಪ್ರಕಾರ ಬೈಕಿಗೆ ಇದೆಲ್ಲ ಅತಿಯಾಯಿತು. ಬೇಕಾಗುವ ಆಯಿಲ್ಲೇ ಸ್ವಲ್ಪ, ಪರೀಕ್ಷೆಗೆ ಪಡುವ ಪಾಡಿನಲ್ಲಿ ಬದಲಿಸಿಯೇ ಮುಗಿಸಬಹುದು.

ಎಷ್ಟು ದಿನಕ್ಕೊಮ್ಮೆ?

ತೇವದ ಊರು, ಸಾಧಾರಣ ಓಡಾಟ: ವರ್ಷಕ್ಕೊಮ್ಮೆ. ಸಮಯ ನಿಮ್ಮ ಕೈಯಲ್ಲಿದ್ದರೆ ಮಳೆಗಾಲ ಪೂರ್ತಿ ಮುಗಿದು ಹವೆ ಒಣಗಿದ ಮೇಲೆ ಬದಲಿಸಿ. ಜಡಿಮಳೆಯ ದಿನ ಡಬ್ಬಿ ತೆರೆದಿಟ್ಟು ಕೆಲಸ ಮಾಡುವುದಕ್ಕಿಂತ ಅದು ಮೇಲು. ಆದರೆ ಗಡುವು ಮುಗಿದಿದ್ದರೆ, ಎದುರಿಗೆ ಬೆಟ್ಟದ ಪ್ರಯಾಣ ಇದ್ದರೆ ಒಣ ದಿನಕ್ಕೆ ಕಾಯಬೇಡಿ.

ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಸಾಮಾನು ಕಟ್ಟಿಕೊಂಡು ಬೆಟ್ಟದ ದಾರಿಯಲ್ಲಿ ಪದೇ ಪದೇ ಓಡಾಡುವವರು ಆರು ತಿಂಗಳಿಗೊಮ್ಮೆ ಬದಲಿಸಿದರೆ ಅದನ್ನು ಅತಿ ಎನ್ನಲಾರೆ. ಒಣ ಕುದಿಬಿಂದು 300 ಡಿಗ್ರಿ ದಾಟುವ ರೇಸಿಂಗ್ ಆಯಿಲ್ ಹಾಕಿದವರೂ ಹಾಗೆಯೇ ಬೇಗ ಬೇಗ ಬದಲಿಸಬೇಕು. ಅಂಕಿ ದೊಡ್ಡದು ಅಂದ ಮಾತ್ರಕ್ಕೆ ಬಾಳಿಕೆ ಹೆಚ್ಚು ಅಂತಲ್ಲ. ಹೋಸು ಸ್ಟೀಲ್ ಹೆಣಿಗೆಯದ್ದಾಗಿ, ಒಳಪದರ ಟೆಫ್ಲಾನ್ ಆಗಿದ್ದರೆ ತೇವ ಒಳಬರುವುದು ಕಡಿಮೆ. ಆದರೂ ಸೀಲು, ಡಯಾಫ್ರಾಮ್ ರಬ್ಬರೇ ಆದ್ದರಿಂದ ವರ್ಷದ ಲೆಕ್ಕ ಬಿಡಬೇಡಿ.

ಹಳೇ ಬೈಕ್ ಕೊಂಡಿದ್ದರೆ ಮಾರಿದವರು ಏನೇ ಹೇಳಲಿ, ಮೊದಲ ದಿನವೇ ಬದಲಿಸಿ. ಹೈಡ್ರಾಲಿಕ್ ಕ್ಲಚ್ ಇರುವ ಬೈಕಾದರೆ ಅದನ್ನೂ ಮರೆಯಬೇಡಿ, ಅದರ ಆಯಿಲ್ ಬ್ರೇಕಿಗಿಂತ ಬೇಗ ಕಪ್ಪಾಗುತ್ತದೆ. ಕೆಲವು ಕ್ಲಚ್‌ಗಳಿಗೆ ಮಿನರಲ್ ಆಯಿಲ್ ಹಾಕಬೇಕಾಗುತ್ತದೆ, ಅದಕ್ಕೆ ಡಾಟ್ 4 ಸುರಿದರೆ ಸೀಲು ಹಾಳು. ಮುಚ್ಚಳ ಓದಿ.

ಬ್ರೇಕ್ ಹಿಡಿದುಕೊಂಡೇ ಇದ್ದರೆ

ಗಡುವು ಮೀರಿದ ಆಯಿಲ್‌ನ ಇನ್ನೊಂದು ಫಲ ಲಿವರಿನಲ್ಲಿ ಕಾಣುವುದಿಲ್ಲ, ಚಕ್ರದಲ್ಲಿ ಕಾಣುತ್ತದೆ. ಬೈಕ್ ತಳ್ಳಿದರೆ ಭಾರ, ಮೈಲೇಜ್ ಇಳಿದಿದೆ, ಸ್ವಲ್ಪ ದೂರ ಓಡಿಸಿ ನಿಲ್ಲಿಸಿದರೆ ಡಿಸ್ಕ್ ಹತ್ತಿರ ಕೈ ಒಯ್ಯಲಾಗದಷ್ಟು ಬಿಸಿ. ಮುಟ್ಟಬೇಡಿ, ಹತ್ತಿರ ಹಿಡಿದರೇ ಗೊತ್ತಾಗುತ್ತದೆ. ಹಿಡಿದುಕೊಂಡ ಬ್ರೇಕು ಬಿಸಿ ಮಾಡುತ್ತದೆ, ಬಿಸಿ ಆಯಿಲ್ಲನ್ನು ಕುದಿಸುತ್ತದೆ. ಹಾಗಾಗಿ ಎರಡು ದೋಷ ಒಟ್ಟಿಗೇ ಬರುವುದುಂಟು.

ಬಿಗಿಯಾಗಿರುವಾಗಲೇ, ತಣ್ಣಗಾಗುವ ಮೊದಲು, ನಿಪ್ಪಲಿಗೆ ಪೈಪ್ ಹಾಕಿ ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಕೂಡಲೇ ಸಲೀಸಾಗಿ ತಿರುಗಿದರೆ ಲೈನಿನಲ್ಲಿ ಒತ್ತಡ ಸಿಕ್ಕಿಕೊಂಡಿತ್ತು, ದೋಷ ಮೇಲೆ ಮಾಸ್ಟರ್ ಸಿಲಿಂಡರಿನಲ್ಲಿದೆ. ಡಬ್ಬಿಯ ತಳದಲ್ಲಿ ಎರಡು ರಂಧ್ರಗಳಿರುತ್ತವೆ. ಒಂದು ದೊಡ್ಡದು, ಇನ್ನೊಂದು ಸೂಜಿ ಮೊನೆಯಷ್ಟು ಸಣ್ಣದು, ಎಷ್ಟೋ ಬೈಕುಗಳಲ್ಲಿ ಸಣ್ಣ ತಗಡಿನ ಮರೆಯಲ್ಲಿರುತ್ತದೆ. ಬಿಸಿಯಾಗಿ ಹಿಗ್ಗಿದ ಆಯಿಲ್ ಡಬ್ಬಿಗೆ ವಾಪಸ್ ಬರುವುದು ಆ ಸಣ್ಣ ರಂಧ್ರದಿಂದ. ಹಳೇ ಆಯಿಲ್‌ನ ಗಸಿ ಮೊದಲು ಕಟ್ಟುವುದೂ ಅಲ್ಲೇ. ರಂಧ್ರ ಚೆನ್ನಾಗಿದೆಯೇ ಎಂದು ನೋಡಲು ಮುಚ್ಚಳ ತೆಗೆದು ಲಿವರನ್ನು ಬಹಳ ಮೆಲ್ಲಗೆ, ಸ್ವಲ್ಪವೇ ಒತ್ತಿ: ಆಯಿಲ್ ಮೇಲ್ಮೈಯಲ್ಲಿ ಸಣ್ಣ ಬುಗ್ಗೆ ಏಳಬೇಕು. ಜೋರಾಗಿ ಒತ್ತಿದರೆ ಅದೇ ಬುಗ್ಗೆ ಮುಖಕ್ಕೆ, ಟ್ಯಾಂಕಿನ ಬಣ್ಣಕ್ಕೆ. ಲಿವರ್ ಪೂರ್ತಿ ಹಿಂದಕ್ಕೆ ಬರುತ್ತಿದೆಯೇ ಎಂಬುದನ್ನೂ ನೋಡಿ. ಅಂದಕ್ಕೆಂದು ಹಾಕಿಸಿದ ಬೇರೆ ಲಿವರ್ ಪಿಸ್ಟನ್ನನ್ನು ಒಂದಿಷ್ಟೇ ಒತ್ತಿ ಹಿಡಿದಿದ್ದರೂ ಆ ರಂಧ್ರ ಮುಚ್ಚಿಹೋಗುತ್ತದೆ.

ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಗಿಯಾಗಿಯೇ ಇದ್ದರೆ ಸಿಕ್ಕಿಕೊಂಡಿರುವುದು ಕ್ಯಾಲಿಪರ್. ಮೊದಲು ಅದು ಜಾರುವ ಪಿನ್ನುಗಳನ್ನು ನೋಡಿ, ತುಕ್ಕು ಹಿಡಿದು ಗ್ರೀಸ್ ಒಣಗಿರುತ್ತದೆ. ಪಿನ್ ಸರಿಯಿದ್ದರೆ ಪಿಸ್ಟನ್ ಹೊರತೆಗೆದು ಸೀಲು ಕೂರುವ ತೋಡಿನೊಳಗೆ ದೀಪ ಹಿಡಿದು ನೋಡಿ. ತೇವದ ಹವೆಯಲ್ಲಿ ಅಲ್ಯೂಮಿನಿಯಂ ಕೊರೆದು, ಸೀಲಿನ ಹಿಂದೆ ಉಪ್ಪಿನಂಥ ಬಿಳಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಅದು ಸೀಲನ್ನು ಒಳಮುಖವಾಗಿ ತಳ್ಳಿ ಪಿಸ್ಟನ್ ಕತ್ತು ಹಿಸುಕುತ್ತದೆ. ಪಿಸ್ಟನ್ ಮೇಲೆ ಗ್ರೀಸ್ ಸವರಿ ವಾಪಸ್ ಹಾಕಿದರೆ ಒಂದು ವಾರ ಚೆನ್ನಾಗಿರುತ್ತದೆ, ಆಮೇಲೆ ಅದೇ ಪಾಡು. ಆ ತೋಡನ್ನು ಕೆರೆದು ಶುಚಿ ಮಾಡಿ ಹೊಸ ಸೀಲು ಹಾಕಲೇಬೇಕು. ಪಿಸ್ಟನ್ ಮೇಲೆ ಉಗುರಿಗೆ ತಾಗುವಂಥ ಗುಳಿ ಬಿದ್ದಿದ್ದರೆ ಅದನ್ನೂ ಬದಲಿಸಿ.

ಬದಲಿಸುವಾಗ

ಬ್ಲೀಡ್ ಮಾಡುವ, ಅಂದರೆ ಲೈನಿನ ಹಳೇ ಆಯಿಲ್, ಗಾಳಿ ಹೊರಹಾಕುವ ವಿಧಾನ ಗೊತ್ತಿರುವವರು ಬಹಳ ಜನ ಇದ್ದಾರೆ. ಡಬ್ಬಿಯ ಹಳೇ ಆಯಿಲ್ ಸಿರಿಂಜಿನಲ್ಲಿ ತೆಗೆದು ಒರೆಸಿ, ಹೊಸದು ತುಂಬಿಸಿ, ನಿಪ್ಪಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಅದರ ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿಸಿ, ಲಿವರ್ ಒತ್ತಿ ಹಿಡಿದು, ನಿಪ್ಪಲ್ ಸಡಿಲಿಸಿ, ಬಿಗಿದು, ಲಿವರ್ ಬಿಡಬೇಕು. ಇದೇ ಕ್ರಮ ಮತ್ತೆ ಮತ್ತೆ. ನಿಪ್ಪಲ್ ತೆರೆದಿರುವಾಗ ಲಿವರ್ ಬಿಟ್ಟರೆ ಗಾಳಿ ಒಳಗೆ. ಡಬ್ಬಿ ಖಾಲಿಯಾಗಲು ಬಿಟ್ಟರೂ ಗಾಳಿ ಒಳಗೆ, ಮೊದಲಿಂದ ಶುರು. ಪೈಪಿನಲ್ಲಿ ಹೊಸ ಆಯಿಲ್‌ನ ಬಣ್ಣ ಬಂದು, ಗುಳ್ಳೆ ನಿಂತ ಮೇಲೂ ಇನ್ನೂ ಸ್ವಲ್ಪ ಹರಿಯಲಿ.

ಕೈ ತಪ್ಪುವುದು ಇದರ ಆಚೀಚೆ. ಮುಚ್ಚಳದ ಸ್ಕ್ರೂಗಳ ತಲೆ ಮೆತ್ತಗಿರುತ್ತದೆ, ಅಳತೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು ಒಮ್ಮೆ ಮೆಲ್ಲಗೆ ತಟ್ಟಿ ಆಮೇಲೆ ತಿರುಗಿಸಿ. ನಿಪ್ಪಲಿಗೆ ತೆರೆದ ಬಾಯಿಯ ಸ್ಪ್ಯಾನರ್ ಬೇಡ, ರಿಂಗ್ ಸ್ಪ್ಯಾನರ್ ಹಾಕಿ. ಅದರ ಬಿಗಿತ ಸಾಮಾನ್ಯವಾಗಿ 5ರಿಂದ 6 ನ್ಯೂಟನ್ ಮೀಟರ್ ಅಷ್ಟೇ. "ಇನ್ನೊಂಚೂರು" ಎಂದು ಬಲ ಹಾಕಿದರೆ ಮುರಿದು ಕ್ಯಾಲಿಪರಿನಲ್ಲೇ ಉಳಿಯುತ್ತದೆ. ಮುಗಿದ ಮೇಲೆ ನಿಪ್ಪಲಿನ ರಬ್ಬರ್ ಟೋಪಿ ಹಾಕಿ. ಅದಿಲ್ಲದಿದ್ದರೆ ಮಳೆನೀರು ಒಳಗೆ ನಿಂತು ನಿಪ್ಪಲ್ ತುಕ್ಕು ಹಿಡಿಯುತ್ತದೆ.

ಆಯಿಲ್ ಬಣ್ಣಕ್ಕೆ ಬಿದ್ದರೆ ಒರೆಸುತ್ತ ಕೂರಬೇಡಿ, ಧಾರಾಳ ನೀರು ಸುರಿಯಿರಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಡಬ್ಬಿ ತೊಳೆಯಲು ಪೆಟ್ರೋಲ್, ಸೀಮೆಎಣ್ಣೆ ಬಳಸಬೇಡಿ, ಒಂದು ಹನಿ ಉಳಿದರೂ ಸೀಲು ಊದಿಕೊಳ್ಳುತ್ತದೆ. ತೆಗೆದ ಆಯಿಲ್ ವಾಪಸ್ ಡಬ್ಬಿಗೆ ಹಾಕುವಂತಿಲ್ಲ, ಚರಂಡಿಗೂ ಸುರಿಯುವಂತಿಲ್ಲ.

ತೇವದ ಊರಿನಲ್ಲಿ ಅತಿ ಹೆಚ್ಚು ಕೆಡುವುದು ಅರ್ಧ ಬಳಸಿ ಕಪಾಟಿನಲ್ಲಿಟ್ಟ ಬಾಟಲಿ. ದೊಡ್ಡ ಬಾಟಲಿ ಅಗ್ಗ ಎಂದು ತಂದು, ಬೆರಳಿನಲ್ಲಿ ಮುಚ್ಚಳ ಬಿಗಿದು, ಮುಂದಿನ ವರ್ಷ ಅದನ್ನೇ ಹಾಕುತ್ತಾರೆ. ಒಳಗಿನ ಅರ್ಧ ಬಾಟಲಿ ಗಾಳಿಯ ತೇವ ಅಷ್ಟರಲ್ಲಿ ಆಯಿಲ್ ಸೇರಿರುತ್ತದೆ. ಸಣ್ಣ ಸೀಲ್ಡ್ ಬಾಟಲಿ ತನ್ನಿ, ಮುಂದಿನ ಬ್ರೇಕ್, ಹಿಂದಿನ ಬ್ರೇಕ್, ಕ್ಲಚ್ ಮೂರನ್ನೂ ಒಂದೇ ದಿನ ಮುಗಿಸಿ, ಉಳಿದದ್ದನ್ನು ಬ್ರೇಕಿಗೆಂದು ಎತ್ತಿಡಬೇಡಿ.

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಬೈಕಿನಲ್ಲಿ, ಅದರ ಒತ್ತಡ ನಿಯಂತ್ರಿಸುವ ಮಾಡ್ಯುಲೇಟರಿನೊಳಗೆ ಸ್ವಲ್ಪ ಆಯಿಲ್ ಪ್ರತ್ಯೇಕ ದಾರಿಯಲ್ಲಿ ನಿಂತಿರುತ್ತದೆ. ಮಾಮೂಲಿ ಬ್ಲೀಡಿಂಗ್ ಅದನ್ನು ಪೂರ್ತಿ ತೆಗೆಯುವುದಿಲ್ಲ. ಕೆಲವು ಬೈಕುಗಳಿಗೆ ಸ್ಕ್ಯಾನರ್ ಜೋಡಿಸಿ ಪಂಪ್ ಓಡಿಸಬೇಕಾಗುತ್ತದೆ. ಮಾಡ್ಯುಲೇಟರಿನ ಸಣ್ಣ ವಾಲ್ವುಗಳಿಗೆ ತುಕ್ಕು ಹಿಡಿದರೆ ರಿಪೇರಿ ಕಷ್ಟ, ಬಹಳ ಸಲ ಇಡೀ ಘಟಕವನ್ನೇ ಬದಲಿಸಬೇಕಾಗುತ್ತದೆ. ವರ್ಷದ ಗಡುವನ್ನು ಬೇರೆ ಬೈಕಿಗೆ ಒಂದೆರಡು ತಿಂಗಳು ಮುಂದೂಡಿದರೂ ಎಬಿಎಸ್ ಬೈಕಿಗೆ ಮುಂದೂಡಬೇಡಿ.

ಬದಲಿಸಿದ ಮೇಲೂ ಸರಿಯಾಗದಿದ್ದರೆ

ತಣ್ಣಗಿರುವಾಗ ಮೆತ್ತಗಿದ್ದರೆ ಗಾಳಿ ಉಳಿದಿದೆ. ಬ್ಯಾಂಜೋ ಬೋಲ್ಟಿನ ಹತ್ತಿರ, ಮಾಸ್ಟರ್ ಸಿಲಿಂಡರಿನ ಬಾಯಲ್ಲಿ ಗುಳ್ಳೆ ನಿಲ್ಲುವುದು ಜಾಸ್ತಿ, ಯಾಕೆಂದರೆ ಲೈನಿನಲ್ಲಿ ಅದೇ ಎತ್ತರದ ಜಾಗ. ಹ್ಯಾಂಡಲನ್ನು ಡಬ್ಬಿ ಎಲ್ಲಕ್ಕಿಂತ ಮೇಲೆ ಬರುವಂತೆ ತಿರುಗಿಸಿ, ಹೋಸನ್ನು ಬೆರಳಲ್ಲಿ ತಟ್ಟುತ್ತ ಲಿವರನ್ನು ಮೆಲ್ಲಗೆ ಅರ್ಧರ್ಧ ಒತ್ತಿ ಬಿಡಿ. ಸಣ್ಣ ಗುಳ್ಳೆಗಳು ಡಬ್ಬಿಗೆ ಎದ್ದು ಬರುವುದು ಕಾಣುತ್ತದೆ. ರಾತ್ರಿಯಿಡೀ ಲಿವರನ್ನು ಹ್ಯಾಂಡಲಿಗೆ ಕಟ್ಟಿಡುವ ಉಪಾಯ ಎಷ್ಟೋ ಸಲ ಫಲಿಸುತ್ತದೆ. ಕಟ್ಟಿಟ್ಟು ಬೆಳಿಗ್ಗೆ ಗಟ್ಟಿಯಾಗಿ, ವಾರದಲ್ಲಿ ಮತ್ತೆ ಮೆತ್ತಗಾದರೆ ಗಾಳಿ ಎಲ್ಲಿಂದಲೋ ಒಳಗೆ ಬರುತ್ತಿದೆ. ಬ್ಯಾಂಜೋದ ವಾಷರುಗಳನ್ನು ಹೊಸದು ಹಾಕಿ, ಆಗಲೂ ನಿಲ್ಲದಿದ್ದರೆ ಮಾಸ್ಟರ್ ಸಿಲಿಂಡರ್ ಕಿಟ್.

ಹೊಸ ಆಯಿಲ್ ಹಾಕಿಯೂ ಬಿಸಿಯಾದಾಗ ಮಾತ್ರ ಮೆತ್ತಗಾಗುತ್ತಿದ್ದರೆ ಆಯಿಲ್‌ಗೆ ಅಷ್ಟು ಬಿಸಿ ಯಾಕೆ ತಲುಪುತ್ತಿದೆ ಎಂದು ಹುಡುಕಿ. ಪ್ಯಾಡ್ ತೀರಾ ತೆಳುವಾಗಿದ್ದರೆ ಡಿಸ್ಕಿಗೂ ಪಿಸ್ಟನ್ನಿಗೂ ನಡುವೆ ಬಿಸಿ ತಡೆಯುವ ದಪ್ಪವೇ ಇರುವುದಿಲ್ಲ. ಪ್ಯಾಡ್ ಹಿಂದಿನ ಶಿಮ್ ತಗಡನ್ನು ಯಾರೋ ತೆಗೆದು ಬಿಸಾಕಿರಬಹುದು. ಎರಡೂ ಸರಿಯಿದ್ದರೆ ಚಕ್ರ ಎತ್ತಿ ತಿರುಗಿಸಿ. ಒಂದು ಸುತ್ತೂ ತಿರುಗದೆ ನಿಂತರೆ ಕ್ಯಾಲಿಪರ್ ಬಿಚ್ಚಬೇಕು. ಸಲೀಸಾಗಿ ತಿರುಗುತ್ತಿದ್ದರೆ, ಮುಂದಿನ ಇಳಿಜಾರಿನಲ್ಲಿ ನಿಮ್ಮ ಬಲಗಾಲು ಪೆಡಲ್ ಮೇಲೆ ಎಷ್ಟು ಹೊತ್ತು ಇರುತ್ತದೆ ಎಂದು ಗಮನಿಸಿ.